ಸಡಾ ಇಳಿಜಾರು

ಇನಾಸ್ ಬಂದ, ಕೈಯಲ್ಲೊಂದು ಕಬ್ಬಿಣದ ಗುಂಡು,
ಲಿಂಬೆಹಣ್ಣಿಗಿಂತ ತುಸು ದೊಡ್ಡದು.
"ಇದನ್ನ ಕಾರಿನ ಹಿಂದೆ ಬೆಸೆದು ಕೊಡು ಬಾಯ್,
ಗಾಡೋ ಕೆಳಗೆ ಬೈನಾಕ್ಕೆ ಒಯ್ಯಬೇಕು."

ಗ್ರೈಂಡರ್ ಆರಿಸಿ ಹೊರಗೆ ಬಂದೆ.
ಕಾರು ನೋಡಿದೆ: ಎಂಟುನೂರು ಸಿಸಿ,
ನಾಲ್ಕು ಜನ ಕೂತರೆ ಹೊಟ್ಟೆ ನೆಲಕ್ಕೆ.
ಗಾಡೋ ನೋಡಿದೆ: ತಗಡಿನ ಮೈ, ಎರಡೇ ಗಾಲಿ,
ಒಲೆ, ಸಿಲಿಂಡರು, ಐಸಿನ ಪೆಟ್ಟಿಗೆ,
ಬೆನ್ನ ಮೇಲೆ ಕೆಂಪಕ್ಷರ: ಫಿಲೊಮೆನಾ ರೋಸ್ ಆಮ್ಲೆಟ್.
ತೂಕ ಎಷ್ಟು ಅಂದೆ. ಯಾರು ತೂಗಿದ್ದಾರೆ ಅಂದ.
ನಿಜ. ನಾವು ತೂಗುವುದು ಗುಜರಿಯನ್ನು ಮಾತ್ರ,
ಅದೂ ಮಾರುವಾಗ.

ಬಂಪರಿಗೆ ಬೆಸೆಯುವುದಿಲ್ಲ, ಮೊದಲೇ ಹೇಳಿದೆ.
ಬಂಪರು ಮುಖದ ಪೌಡರು, ಎಲುಬು ಒಳಗಿದೆ.
ಕಾರಿನಡಿ ಅಂಗಾತ ಮಲಗಿ ಎಲುಬು ಹುಡುಕಿದೆ,
ತುಕ್ಕು ಕಣ್ಣಿಗೇ ಉದುರಿತು.
ಆರು ಬೋಲ್ಟು, ಎರಡು ಪಟ್ಟಿ, ಇಡೀ ಮಧ್ಯಾಹ್ನ.

ಆಮೇಲೆ ಗಾಡೋದ ಮೂತಿ ಹಿಡಿದು ಎತ್ತಿದೆ.
ಎರಡು ಬೆರಳಿಗೆ ಎದ್ದಿತು.
"ಎಷ್ಟು ಹಗುರ, ನೋಡು!" ಇನಾಸ್‌ಗೆ ಖುಷಿ.
ನನಗೆ ಬೆನ್ನು ತಣ್ಣಗಾಯಿತು.
ಹಿಂಭಾರದ ಬಂಡಿ ಕಂಡವಳು ನಾನು, ರೋಣದ ಕಡೆಯವಳು.
ನೊಗ ಮೇಲೆದ್ದರೆ ಜತ್ತಿಗೆ ಎತ್ತಿನ ಗಂಟಲು ಹಿಸುಕುತ್ತದೆ;
ಎತ್ತಾದರೆ ಕಣ್ಣು ತೇಲಿಸಿ ಹೇಳುತ್ತದೆ.
ಕಾರು ಏನು ಹೇಳೀತು?

"ಸಿಲಿಂಡರು ಇಳಿಸು. ಐಸಿನ ಪೆಟ್ಟಿಗೆ ಗಾಲಿಯ ಮುಂದಕ್ಕೆ."
"ಫಿಲೊಮೆನಾ ಬಯ್ಯುತ್ತಾಳೆ, ಅವಳಿಗೆ ಅದು ಅಲ್ಲೇ ಬೇಕು."
"ಬಯ್ಯಿಸಿಕೊಳ್ಳಲು ಗಂಡ ಉಳಿದಿರಬೇಕಲ್ಲ."

ಸರಪಳಿ ಎರಡು, ಕತ್ತರಿ ಹಾಕಿದಂತೆ:
ಗುಂಡು ಕಳಚಿದರೆ ಮೂತಿ ಬೀಳಲು ಒಂದು ಮಡಿಲು.

ಏರಿನಲ್ಲಿ ನೀನು ಅದನ್ನು ಎಳೆಯುತ್ತಿ ಇನಾಸ್,
ಇಳಿಜಾರಿನಲ್ಲಿ ಅದು ನಿನ್ನನ್ನು ನೂಕುತ್ತದೆ.
ಎರಡನೇ ಗೇರು. ಬಾಲ ಅಲ್ಲಾಡಿದರೆ
ಬ್ರೇಕು ತುಳಿಯಬೇಡ, ಸ್ಟೇರಿಂಗ್ ಜಗ್ಗಬೇಡ,
ಕಾಲು ತೆಗೆ, ನೆಟ್ಟಗೆ ಹಿಡಿ, ದೇವರ ಹೆಸರು ಹೇಳು,
ನಿನ್ನದೋ ನನ್ನದೋ, ಯಾವುದಾದರೂ ನಡೆದೀತು.

ಬಂದರಿನ ದೀಪ ಹತ್ತುವ ಹೊತ್ತಿಗೆ
ಸ್ಕೂಟರಿನಲ್ಲಿ ಹಿಂದೆಯೇ ಇಳಿದೆ.
ಎರಡನೇ ತಿರುವು ದಾಟಿದ್ದೇ ತಡ ಗಾಡೋ
ಎಡಕ್ಕೆ ವಾಲಿತು, ಬಲಕ್ಕೆ, ಮತ್ತೆ ಎಡಕ್ಕೆ,
ಫಿಲೊಮೆನಾಳ ಹೆಸರು ಓದಲಾಗದಷ್ಟು.
ನಾನೇ ವೈರು ಎಳೆದು ಕೂರಿಸಿದ ಬ್ರೇಕಿನ ಬಲ್ಬು
ಹತ್ತಲಿಲ್ಲ.
ವೈರು ಕಿತ್ತಿತೋ, ಮಾತು ಕೇಳಿದನೋ.
ನಿಧಾನ ಸಾಗಿ, ನಿಧಾನ ಸಾಗಿ
ಅಕ್ಷರಗಳು ಒಂದೊಂದಾಗಿ ಸಾಲಿಗೆ ಬಂದವು.

ಕೆಳಗೆ ಮುಟ್ಟಿ ಬಾಗಿಲು ತೆರೆದು ನೋಡಿದರೆ
ಮುಂದಿನ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು,
ಮೂವತ್ತು ಮೊಟ್ಟೆಯ ಒಂದು ಟ್ರೇ.
ಒಡೆದಿರಲಿಲ್ಲ. ಒಂದೂ.
ಬೆಲ್ಟು ಹಾಕದವನು
ಇನಾಸ್ ಒಬ್ಬನೇ.