ಬೇರೆ ನೀರು

ಲಕ್ಕವಳ್ಳಿಯಿಂದ ಉಂಬ್ಳೆಬೈಲಿನ ಕಾಡು ಹಾದು
ಟಿವಿಎಸ್ಸಿನ ಹಿಂದೆ ನೀಲಿ ಡ್ರಮ್ಮು ಬಿಗಿದುಕೊಂಡು
ಮಂಡಗದ್ದೆಗೆ ಬಂದಿಳಿದ ಹಾಲೇಶಣ್ಣ.
ಡ್ರಮ್ಮಿನೊಳಗೆ ಅರ್ಧ ಭದ್ರೆ,
ಭದ್ರೆಯೊಳಗೆ ನಾಲ್ಕು ಕೇಜಿಯ ಗೆಂಡೆ,
ತುಂಬುಬಸುರಿ.
'ತವರಿನ ಸೀರೆ ಬೇಡ ಅಂದಿದ್ದೆಯಲ್ಲ ರುದ್ರಿ,
ತಗೋ' ಅಂದ.

ಬಂದವರಿಗೆ ಮೊದಲು ನೀರು ಕೊಡುವ ಸೀಮೆ ನಮ್ಮದು.
ಅವನಿಗೆ ಕೊಟ್ಟೆ ಬೆಲ್ಲ, ನೀರು.
ಅವಳಿಗೂ ಕೊಟ್ಟೆ
ಬೇರೆ ನೀರು,
ಬೆಲ್ಲದ ಬದಲು ಉಪ್ಪು,
ಹತ್ತು ಲೀಟರಿಗೆ ಮುನ್ನೂರು ಗ್ರಾಂ, ತೂಗಿ.

ಅಣ್ಣನ ಮುಖ ನೋಡಬೇಕಿತ್ತು.
'ಏನು ಬಂದಿದೆ ಅಂತ
ನನ್ನ ಮೀನನ್ನ ಹೊರಗೆ ಕೂರಿಸ್ತೀ?'

ಏನೂ ಬಂದಿಲ್ಲ.
ಹೋದ ಮಾಘದಲ್ಲಿ ಕೊಂಡು ತಂದ ಜೋಡಿಗೂ
ಏನೂ ಬಂದಿರಲಿಲ್ಲ, ಬೆಳಗಿದ ಚೆಂಬಿನ ಹಾಗಿದ್ದವು.
ಸಂಭ್ರಮದಲ್ಲಿ ನೇರ ತಾಯಿಕೊಳಕ್ಕೇ ಬಿಟ್ಟೆ.
ಅಂತರಗಂಗೆಯ ಬೇರಿಗೆ ಸಾಬಕ್ಕಿಯಂತೆ ಮೊಟ್ಟೆ,
ನಾಲ್ಕನೇ ದಿನಕ್ಕೆ ಮರಿ:
ಎರಡು ಕಣ್ಣು, ಒಂದೆಳೆ ದಾರ, ಅಷ್ಟೇ ಮೈ.
ಹದಿನೈದರ ಹೊತ್ತಿಗೆ ದಂಡೆಗೆ ಬಂದು
ಕಲ್ಲಿಗೆ ಮೈ ತಿಕ್ಕತೊಡಗಿದವು,
ತಿಕ್ಕುತ್ತಲೇ ಮಗುಚಿದವು.
ಮುಂಗಡ ಕೊಟ್ಟಿದ್ದ ಹಣಗೆರೆಯ ಬಷೀರಣ್ಣ
ಮರಿ ಒಯ್ಯಲು ತಂದ ಪ್ಲಾಸ್ಟಿಕ್ ಕವರನ್ನು
ಏನೂ ಅನ್ನದೆ ಮಡಚಿ,
ಇನ್ನೊಂದು ಸಲ ಮಡಚಿ,
ಜೇಬಿಗಿಟ್ಟುಕೊಂಡ.
ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈಗ ಒದ್ದೆ ಗೋಣಿಯ ಮೇಲೆ ಇವಳನ್ನು ಮಲಗಿಸಿ
ಕಣ್ಣಿಗೆ ತಣ್ಣನೆ ಬಟ್ಟೆ ಮುಚ್ಚಿ
ಕಿವಿರೆತ್ತಿ ನೋಡಿದೆ. ಕುಂಕುಮದ ಕೆಂಪು.
ಬಾಯಿ ಸ್ವಚ್ಛ. ಬಾಲ ಇಡಿಯಾಗಿದೆ.
ಎದೆಯ ರೆಕ್ಕೆಯ ಬುಡದಲ್ಲೊಂದು ಹುರುಪೆ ಎದ್ದಿದೆ ಅಂದುಕೊಂಡೆ.
ಹುರುಪೆ ನಡೆಯಿತು.

ಮದುವೆಯಲ್ಲಿ ಯಾರೋ ಕೊಟ್ಟ ಹುಬ್ಬಿನ ಚಿಮಟ
ಮೊದಲ ಸಲ ಕೆಲಸಕ್ಕೆ ಬಂತು.
ಉಗುರಿನ ಮೇಲಿಟ್ಟು ತೋರಿಸಿದೆ,
ಗಾಜಿನ ಚೂರಿನಂಥ ಹೇನು, ಇನ್ನೂ ಕಾಲಾಡಿಸುತ್ತಿತ್ತು.
ಅಣ್ಣ ಬಗ್ಗಿ ನೋಡಿದ.
'ದಾರೀಲಿ ಹತ್ತಿರಬೇಕು' ಅಂದ.
ಕಾಫಿ ಅರ್ಧ ಬಿಟ್ಟು ಹೋದ.

ಇಪ್ಪತ್ತೊಂದು ದಿನ.
ಹೇನು ಹೋದರೂ ಗೋಡೆಗೆ ಮೊಟ್ಟೆ ಅಂಟಿಸಿರಬಹುದು,
ದಿನಾ ತೊಟ್ಟಿ ಉಜ್ಜುತ್ತೇನೆ.
ಅವಳ ಬಲೆ ಅವಳಿಗೇ, ಅವಳ ಬಕೆಟ್ಟು ಅವಳಿಗೇ.
ಅವಳ ನೀರು ಕೊಳದ ಕಡೆ ಹರಿಯದ ಹಾಗೆ
ಗುಂಡಿ ತೋಡಿ, ಬ್ಲೀಚಿಂಗ್ ಹಾಕಿದ್ದೇನೆ.
ಶೇಂಗಾ ಹಿಂಡಿ, ತೌಡು, ಒಂದು ಹಿಡಿ, ಹೆಚ್ಚಿಲ್ಲ;
ಕೊಬ್ಬಿದರೆ ಮೊಟ್ಟೆ ಕಟ್ಟಿಕೊಳ್ಳುತ್ತದೆ.
ಅತ್ತ ಕೊಳದಲ್ಲಿ ಗಂಡುಗಳಿಗೆ
ಹೊಟ್ಟೆ ಮುಟ್ಟಿದರೆ ಹಾಲು,
ಅವು ಕಾಯಲಿ.

ಹೊರಗೆ ಕೂರುವುದು ಏನಂತ ನನಗೆ ಗೊತ್ತಿಲ್ಲವೆ ಅಣ್ಣ?
ಹದಿಮೂರರಲ್ಲಿ ಹಿತ್ತಿಲ ಚಪ್ಪರದಲ್ಲಿ ಮೂರು ದಿನ,
ತಟ್ಟೆ ಬೇರೆ, ಚಾಪೆ ಬೇರೆ.
ಯಾರೂ ಬಂದು ನೋಡುತ್ತಿರಲಿಲ್ಲ.
ಇವಳನ್ನು ನಾನು ದಿನಕ್ಕೆ ಮೂರು ಸಲ ನೋಡುತ್ತೇನೆ,
ರಾತ್ರಿ ಟಾರ್ಚು ಹಿಡಿದು ಇನ್ನೊಂದು ಸಲ.
ಬೆಳಕು ಬಿದ್ದರೆ ಮೇಲೆ ಬಂದು
ಬಾಯಿ ದುಂಡಗೆ ಮಾಡುತ್ತಾಳೆ,
ಬೈಯುತ್ತಾಳೋ, ಹಿಂಡಿ ಕೇಳುತ್ತಾಳೋ.

ಹದಿನೆಂಟನೇ ದಿನ
ಬೇಲಿಯಾಚೆ ಟಿವಿಎಸ್ಸು ನಿಂತ ಸದ್ದು.
ಅಂಗಳದ ಬಾಯಿಗೆ ಇಟ್ಟ ತಟ್ಟೆಯಲ್ಲಿ
ಪೊಟ್ಯಾಶಿನ ನೇರಳೆ ನೀರು.
ಚಪ್ಪಲಿ ಕಳಚಿ, ಪಂಚೆ ಎತ್ತಿ,
ಹೇಳದೆಯೇ ಎರಡೂ ಕಾಲು ಇಟ್ಟು ನಿಂತ.
'ಇನ್ನೆಷ್ಟು?'
'ಮೂರು.'
ಒಂದು ಕಾಲೆತ್ತಿ ಹಿಮ್ಮಡಿ ನೋಡಿಕೊಂಡ, ಕಂದು ಹತ್ತಿತ್ತು.
'ಇದು ಹೋಗ್ತದಾ?'
'ತಡ ಆಗ್ತದೆ' ಅಂದೆ.
ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ,
ತೊಟ್ಟಿಯ ಕಡೆ ಕತ್ತು ಚಾಚಿ.