ಹೊಳಿ ದಾಟೂಕಿಂತ ಮೊದಲು

ಕಪನೂರ ರಸ್ತಾದಾಗ ಬ್ಯಾಳಿ ಮಿಲ್ಲಿನ ತೂಕದ ಕಾಟಾ,
ರಾತ್ರಿಪಾಳಿ ನಂದು.
ಲಾರಿ ಬಂದ್ರ ತೂಕ, ಬರದಿದ್ರ ರಾಜ್ಯಭಾರ.

ಕಂಪ್ಯೂಟರ್ ಒಂದೇ. ಒಂದು ಕಿಡಕಿಯೊಳಗ ತೊಗರಿ,
ಇನ್ನೊಂದರಾಗ ನನ್ನ ನಾಕು ಕ್ವಾಟಿ, ಮುನ್ನೂರು ಕುದುರಿ,
ಒಬ್ಬ ಮಂತ್ರಿ. ಅವನ ಮ್ಯಾಲ ನನಗ ನಂಬಿಗಿಲ್ಲ.

ಹೆಜ್ಜಿಗೊಮ್ಮೆ ಸೇವ್ ಮಾಡತೀನಿ.
ತೆರಿಗಿ ಏರಸೂ ಮುಂಚೆ, ಬೀಗತನ ಮಾತಾಡೂ ಮುಂಚೆ.
ಫೈಲಿಗಿ ಹೆಸರಿಡೂದರಾಗ ನಾ ಜಿಪುಣ ಅಲ್ಲ:
“ಹೊಳಿ ದಾಟೂಕಿಂತ ಮೊದಲು.”
“ಹೊಳಿ ದಾಟೂಕಿಂತ ಮೊದಲು, ಎರಡು.”
“ದಾಟಬಾರದಿತ್ತು.”
“ಮಂತ್ರಿ ಇನ್ನಾ ಒಳ್ಳೇಂವ ಇದ್ದಾಗ.”
“ಆಖ್ರಿ.” “ಖರೇ ಆಖ್ರಿ.”
“ಚಾ ಕುಡದ ಮ್ಯಾಲ.”

ಹದಿನೇಳು ಸಲ ದಾಟೀನಿ ಆ ಹೊಳಿ.
ಹದಿನೇಳು ಸಲಾನೂ ಮುಂದಿನ ಸಾಲಿನ ಅದೇ ಈಟಿಯಂವ,
ಕೆಂಪು ರುಮಾಲ, ಹೆಸರಿಲ್ಲ,
ನಡಗಡ್ಡಿ ಮುಟ್ಟೂದ್ರಾಗ ಬೀಳತಾನ.
ಎಡಕ್ಕ ಕಳಿಸಿದೆ, ಬಿದ್ದ.
ಎಲ್ಲಾರ ಹಿಂದ ನಿಲ್ಲಿಸಿದೆ,
ಬಾಣ ಹಿಂದಿನಿಂದ ಬಂತು.
ಹದಿನೆಂಟನೇ ಸಲ ಉಳದ.
ನಾ ಕುರ್ಚಿ ಬಿಟ್ಟು ಎದ್ದೇ ನಿಂತೆ.
ಅವಗೇನು ಗೊತ್ತು.
ಆ ದಂಡಿಗಿ ಹೋಗಿ ಏಳು ದಿನಕ್ಕ ಜ್ವರ ಬಂದು ಸತ್ತ.
ಅದಕ್ಕೂ ಒಂದು ಫೈಲ್ ಅದ.

ಹೊರಗ ಹಾರ್ನು. ಮಶಾಕನ ಲಾರಿ.
ಗಾಡಿ ಏರಿತು, ಅಂಕಿ ಓಡಾಡಿ ನಿಂತವು,
ಚೀಟಿ ಹರದು ಕೊಟ್ಟೆ.
“ಸೈಬಣ್ಣಾ, ನಲವತ್ತು ಕಿಲೋ ಕಮ್ಮಿ ತೋರಸಲತದ,
ಇನ್ನೊಮ್ಮೆ ಏರಸಲೇನು?”
“ಛಾಪ್ ಆಗ್ಯದ,” ಅಂದೆ.
“ಹಂಗಾರ ನಾನೇ ಕರಗೀನಿ ಬಿಡು,
ಹುಮನಾಬಾದದಿಂದ ಇಲ್ಲೀತನಕ ಇಂಜಿನ್ ಬಾಜೂಕ ಕುಂತು.”
ಕಿಡಕಿಯೊಳಗ ಹಣಕಿ ಹಾಕಿದ: “ಯಾರು ಗೆಲ್ಲಲತ್ತಾರ?”
“ನಾನೇ.”
“ದಿನಾ ನೀನೇ. ಮತ್ತ ಮಾರಿ ಯಾಕ ಹಂಗದ?”

ಅಕ್ಕನ ಮಗಳು ಜಗದೇವಿ, ಹನ್ನೊಂದು ವರ್ಷ,
ಸೂಟಿಗಿ ಬಂದಾಕಿ, ಕೂಲರಿನ ಆಶಾಕ್ಕ ನನ್ನ ಕೂಡ ಕಾಟಾಕ್ಕ ಬರತಾಳ.
ನಾ ಚೀಲ ಎಣಿಸಿ ಬರೂದ್ರಾಗ
ಕುರ್ಚಿ ಮ್ಯಾಲ ಮಂಡಿಗಾಲು ಊರಿ
“ದಾಟಬಾರದಿತ್ತು” ತೆಗದಾಳ.

ಶಿವರಾತ್ರಿಗಿ ಬಿಟ್ಟು ಬಂದ ಊರು ಅದು.
ಕ್ವಾಟಿ ಸುಟ್ಟದ, ಕುದುರಿ ಇಲ್ಲ, ಮಂತ್ರಿ ಆ ಕಡಿ ಸೇರ್ಯಾನ.
ನಾ ಎಲ್ಲಿ ಬಿಟ್ಟಿದ್ನೋ ಹೊಗಿ ಅಲ್ಲೇ ನಿಂತದ,
ಮ್ಯಾಲಕ್ಕ ಹೋಗದ, ಕೆಳಕ್ಕ ಇಳಿಯದ.
ಒಬ್ಬಾಕಿ ಕೊಡ ಎತ್ತಿದಾಕಿ ಇಳಿಸೇ ಇಲ್ಲ.

“ಅದು ಬ್ಯಾಡ ಜಗ್ಗಿ, ಸೋತದ್ದು ಅದು.”
“ಎಲ್ಲಿ ಸೋತದ ಮಾಮಾ? ಹನ್ನೆರಡು ಮಂದಿ ಅದಾರ.
ಆರು ಆಡು. ಒಂದು ದೋಣಿ.”

ದೋಣಿ ತುಂಬಿಸಿದಳು. ಗುಡ್ಡದ ಬುಡಕ್ಕ ಇಳಿಸಿದಳು.
ಎಂಟು ಗುಡಿಸಲು, ಒಂದು ಪಟ್ಟಿ ಜ್ವಾಳ.
ಸೇವ್ ಒತ್ತಲಿಕ್ಕ ನಾ ಬೆರಳು ಚಾಚಿದೆ,
ಕೈಮ್ಯಾಲ ಪಟ್ಟಂತ ಹೊಡದಳು: “ಸುಮ್ನ ಕೂಡು.”
ತೋಳ ಬಂದು ಎರಡು ಆಡು ಒಯ್ದವು.
ನನ್ನ ಎದಿ ಹಾರಿತು. ಆಕಿ, “ಹೋಗ್ಲಿ, ನಾಕು ಅವಲಾ.”

ಆಮ್ಯಾಲ ಕೇಳಿದಳು:
“ನಡಗಡ್ಡಿ ಮ್ಯಾಲ ಕೆಂಪಗ ಬಿದ್ದದಲ್ಲ, ಅದೇನು?”
“ಒಬ್ಬಾಂವ ಇದ್ದ.”
“ಏನು ಹೆಸರು?”
ಹೆಸರು ಹೊಳೀಲಿಲ್ಲ ನನಗ. ಆಕಿ ಕಾಯಲಿಲ್ಲ,
ಅಲ್ಲೇ ಬಾಜೂಕ ಬಾವಿ ತೋಡಸಿದಳು.
ಹೊಳಿ ನಡುವ ಬಾವಿ ಯಾಕ, ಹುಚ್ಚಿ, ಅನ್ನಬೇಕಿತ್ತು.
ಅನ್ನಲಿಲ್ಲ.

ಮೂರು ಗಂಟೆಕ್ಕ ಕರೆಂಟ್ ಹೋತು.
ಯುಪಿಎಸ್ ಎರಡು ಸಲ ಕೂಗಿ ಪ್ರಾಣ ಬಿಡ್ತು.
ಕತ್ತಲಾಗ ಶಹಾಬಾದ ಕಲ್ಲಿನ ಕಾವು ಅಂಗಾಲಿಗಿ ಹತ್ತಲತಿತ್ತು.
ಜಗದೇವಿ ಚುರುಮುರಿ ಮುಕ್ಕತಾ ಅಂದಳು, “ಛಲೋ ಇತ್ತು,”
ಖಾಲಿ ಚೀಲಿನ ಒಟ್ಟಿ ಮ್ಯಾಲ ಮಕ್ಕೊಂಡಳು.

ಕರೆಂಟ್ ಬಂದ ಮ್ಯಾಲ ಹುಡುಕಲಿಕ್ಕ ಕುಂತೆ.
ನೂರಾ ನಲವತ್ತಮೂರು ಫೈಲ್, ಒಂದೊಂದೇ ತೆಗದೆ.
ನಡುವ ಎರಡು ಲಾರಿ ತೂಗಿ ಕಳಿಸಿದೆ.
ಬೆಳಕಾತು.
ಆ ಬಾವಿ ಯಾವುದರಾಗೂ ಇಲ್ಲ.