ಎಂಟನೇ ತೊಟ್ಟಿಯ ನೊರೆ

ಗಟ್ಟಿ ಉಳಿಯಿತು, ಜೊಳ್ಳು ಹಾರಿತು ಅನ್ನುವ ಮಾತನ್ನು
ಬ್ರೋಕನ್ ಹಿಲ್ಲಿನ ಈ ಗಿರಣಿಯ ಬಾಗಿಲಲ್ಲೇ
ಕಳಚಿಡಬೇಕು, ಚಪ್ಪಲಿಯ ಹಾಗೆ.
ಇಲ್ಲಿ ಸೀಸ ತೇಲುತ್ತದೆ.
ಮರಳು ಮುಳುಗುತ್ತದೆ.
ಹಟ್ಟಿಯಲ್ಲಿ ಏಳು ವರ್ಷ ಚಿನ್ನದ ಕೆಸರು ಕಲಕಿ ಬಂದವಳು ನಾನು,
ಆದರೂ ಮೊದಲ ರಾತ್ರಿ ಕಣ್ಣುಜ್ಜಿಕೊಂಡೆ:
ಮರಳಿಗಿಂತ ಎರಡು ಮೂರು ಪಟ್ಟು ಭಾರದ ಕಲ್ಲಿನ ಪುಡಿ
ಗುಳ್ಳೆಯ ಬೆನ್ನೇರಿ ಮೇಲೆ ಬರುತ್ತಿದೆ,
ಮದುವೆ ಬಸ್ಸಿಗೆ ಕಿಟಕಿಯಿಂದ ಹತ್ತಿದ ದಪ್ಪ ಸೋದರತ್ತೆಯಂತೆ,
ಠೀವಿಯಿಂದ.

ಮರ್ವ್ ಟ್ರೆವಾಸ್ಕಿಸ್ ನಗಲಿಲ್ಲ.
"ನೀರು ಕಂಡರಾಗದ ಜಾತಿ ಅದು. ಮೈಗೆ ಎಣ್ಣೆ ಹಚ್ಚಿಬಿಟ್ಟರೆ
ಗಾಳಿಯನ್ನು ತಬ್ಬಿಕೊಳ್ಳುತ್ತದೆ, ಅಷ್ಟೇ."
ನಲವತ್ತೊಂದು ವರ್ಷದ ಕೆಲಸ. ವಾಕ್ಯ ಎರಡು.

ಎಣ್ಣೆ ಅನ್ನುವುದು ಹೆಸರಿಗೆ; ಪೀಪಾಯಿಯ ಹಳದಿ ದ್ರಾವಣಕ್ಕೆ
ಕೊಳೆತ ಎಲೆಕೋಸಿನ ನಾತ.
ಸೀಸ ಮೊದಲು. ಸತುವನ್ನು, ತಡಿ ಮಾರಾಯ, ನಿನ್ನ ಸರದಿ ಬರಲಿ ಎಂದು
ಚಿಟಿಕೆ ವಿಷದಿಂದ ಗದರಿಸಿ ಕೂರಿಸುತ್ತೇವೆ.
ಮುಂದಿನ ಸಾಲಿನಲ್ಲಿ ಮೈಲುತುತ್ತದ ನೀಲಿ ನೀರು ಚಿಮುಕಿಸಿ
ಅದನ್ನೇ ಏಳಪ್ಪಾ ಎಂದು ಎಬ್ಬಿಸುತ್ತೇವೆ.

ನೊರೆ ಓದಲು ಕಲಿಸಿದವನು ಅವನು.
ಉಕ್ಕಿನ ಹೊಳಪಿದ್ದರೆ ಸರಿ.
ಸಾಬೂನಿನ ಹಾಗೆ ಬೆಳ್ಳಗಾದರೆ ಹೊಟ್ಟೆ ಖಾಲಿ, ಬರೀ ಬಡಾಯಿ.
ಗುಳ್ಳೆ ಒಡೆಯಲು ಎಷ್ಟು ಹೊತ್ತು?
ಒಂದು ಉಸಿರು ಸಾಕು, ಎರಡಾದರೆ ಗಾಳಿ ಇಳಿಸು.
ಬೆಲ್ಲದ ಕೊಪ್ಪರಿಗೆಯ ಮುಂದೆ ಕೂತವರಿಗೆ ಇದು ಹೊಸತಲ್ಲ;
ಅಲ್ಲಿ ನೊರೆಯನ್ನು ಸೌಟಿನಿಂದ ತೆಗೆದೆಸೆಯುತ್ತಾರೆ,
ಇಲ್ಲಿ ನಮ್ಮ ಸಂಬಳವೇ ನೊರೆ.

ಈಗ ಎಂಟನೇ ತೊಟ್ಟಿಯ ನೆತ್ತಿಗೆ ಒಂದು ಕ್ಯಾಮೆರಾ ಬಂದಿದೆ.
ಗುಳ್ಳೆ ಎಣಿಸುತ್ತದೆ, ಬಣ್ಣ ಅಳೆಯುತ್ತದೆ, ಆಕಳಿಸುವುದಿಲ್ಲ.
ಮರ್ವ್ ದಿನಾ ಅದಕ್ಕೆ ಟೋಪಿ ಎತ್ತಿ ವಂದಿಸುತ್ತಿದ್ದ.

ಕೊನೆಯ ಪಾಳಿಗೆ ಔಷಧಿ ಅಂಗಡಿಯ ಪುಟ್ಟ ಸೀಸೆ ತಂದ:
ನೀಲಗಿರಿ ಎಣ್ಣೆ.
"ನನ್ನಜ್ಜನ ಕಾಲಕ್ಕೆ ನೊರೆ ಏಳುತ್ತಿದ್ದದ್ದು ಇದರಿಂದ."
ಪ್ರಯೋಗಾಲಯದ ಗಾಜಿನ ತೊಟ್ಟಿಗೆ ಎರಡು ಹನಿ.
ಕೋಣೆಯೆಲ್ಲ ನೆಗಡಿಯಾದ ಮಗುವಿನ ಎದೆಯ ವಾಸನೆ.
ನೊರೆ ಎದ್ದಿತು, ದಪ್ಪ, ಕಪ್ಪು, ಹಳೆಗಾಲದ್ದು;
ಅಜ್ಜಂದಿರು ಬೇಡವೆಂದು ಗುಡ್ಡ ಸುರಿದ ಮಣ್ಣೇ ಅದು,
ನಾವು ಮತ್ತೆ ಅರೆದು ತಂದದ್ದು.

ಆಮೇಲೆ ಕೇಳದೆಯೇ ಹೇಳಿದ.
ಸಲ್ಫೈಡ್ ಬೀದಿಯಲ್ಲಿ ಮಗಳ ಮನೆ.
ಮೊಮ್ಮಗಳು ಟ್ಯಾಮ್ಸಿನ್‌ಗೆ ಎರಡೂವರೆ ವರ್ಷ.
ಬೆರಳಿಗೆ ಸೂಜಿ ಚುಚ್ಚಿ ನೋಡಿದರಂತೆ, ರಕ್ತದಲ್ಲಿ ಸೀಸ.
ಹನ್ನೊಂದು. ಐದರೊಳಗೆ ಇರಬೇಕಿತ್ತು.
ನೂರರಲ್ಲಿ ತೊಂಬತ್ತಾರನ್ನು ಹಿಡಿದಿದ್ದೇವೆ ಅಂತ
ನಮ್ಮ ಗೋಡೆಯ ಮೇಲೆ ಬೋರ್ಡಿದೆ.
ಉಳಿದ ನಾಲ್ಕು ಎಲ್ಲಿ ಹೋಗುತ್ತದೆಂದು
ಅವನೂ ಕೇಳಿರಲಿಲ್ಲ, ನಾನೂ.
ಉಯ್ಯಾಲೆಯ ಸರಪಳಿ ಮೇಲೆ. ಕಿಟಕಿಯ ಹಲಗೆ ಮೇಲೆ.
ಅಷ್ಟು ಪುಟ್ಟ ಮೈಗೆ ಯಾವ ಎಣ್ಣೆ ಹಾಕಿ, ಎಷ್ಟು ಗಾಳಿ ಊದಿ
ಅದನ್ನು ಮೇಲಕ್ಕೆ ತರಿಸುವುದು?

ಕೆಳಗೆ ಸೋಸುವ ಉರುಳೆ ಸುತ್ತುತ್ತಿತ್ತು,
ಬಟ್ಟೆಯ ಹಿಂದಿನಿಂದ ಪಂಪು ನೀರನ್ನು ಎಳೆಯುತ್ತ,
ಕೂಸು ಲೋಟದ ತಳ ಹೀರುವ ಸದ್ದಿನಲ್ಲಿ.
ಒದ್ದೆ ಕಪ್ಪು ಹೆಂಟೆ ಧಪ್ಪೆಂದು ಬಿತ್ತು. ಮತ್ತೆ ಧಪ್.
ತೇವ ನೂರಕ್ಕೆ ಎಂಟು. ಬರೆದುಕೊಂಡೆ.

ಆರು ಗಂಟೆಗೆ ಮರ್ವ್ ಕೈ ತೊಳೆದ. ಮತ್ತೆ ತೊಳೆದ.
ಉಗುರಿನ ಸಂದಿಗೆ ಹಲ್ಲುಜ್ಜುವ ಬ್ರಷ್ ಹಾಕಿ ಮೂರನೇ ಸಲ.
ಬೂಟನ್ನು ಅಲ್ಲೇ ಬಿಟ್ಟು ಬರೀ ಕಾಲುಚೀಲದಲ್ಲಿ ಕಾರಿಗೆ ನಡೆದ,
ಜಲ್ಲಿಕಲ್ಲಿನ ಮೇಲೆ, ಹಾ ಅನ್ನದೆ.

ಕ್ಯಾಮೆರಾ ಕೂಗುತ್ತಿದೆ. ಎಂಟನೇ ತೊಟ್ಟಿ
ಬೆಳ್ಳಗೆ ಉಕ್ಕುತ್ತಿದೆಯಂತೆ.
ಹೋಗಿ ಗಾಳಿ ಇಳಿಸಬೇಕು.